ಭೂಪಟದಲ್ಲಿಲ್ಲದ ದೇಶದವರ ರೈಲ್ವೆ ಊರು
(ಹಳಿ ಪಕ್ಕದ ಕಥೆಗಳು, ಭಾಗ 4)

ಪೋಲೆಂಡಿನಲ್ಲಿ ರಾಡೊಮ್ ಅಂತ ಒಂದು ಹಳೇ ನಗರ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ಭಾಗದಲ್ಲೂ ಒಂದು ರಾಡೊಮ್ ಇದೆ, ತೀರಾ ಪುಟ್ಟ ಊರು. ಆ ಹೆಸರು ಸಮುದ್ರ ದಾಟಿದ್ದು ಹೇಗೆ ಗೊತ್ತಾ? ಒಂದು ರೈಲ್ವೆ ಕಂಪನಿಯ ಲೆಕ್ಕಾಚಾರದಿಂದ. ಬಿಕಾಂ ಗೆಳೆಯರೇ, ಇದು ನಮ್ಮ ಸಬ್ಜೆಕ್ಟೇ!

1850ರಲ್ಲಿ ಅಮೆರಿಕ ಸರ್ಕಾರ ರೈಲು ಮಾರ್ಗಕ್ಕಾಗಿ ಇಲಿನಾಯ್‌ಗೆ ಸುಮಾರು 25 ಲಕ್ಷ ಎಕರೆ ಜಮೀನು ಕೊಡ್ತು. ಅದು ಇಲಿನಾಯ್ ಸೆಂಟ್ರಲ್ ಕಂಪನಿಯ ಕೈಗೆ ಬಂತು. 1856ಕ್ಕೆ ಹಳಿ ರೆಡಿ. ಆದ್ರೆ ಹಳಿ ಪಕ್ಕ ಜನರೇ ಇಲ್ಲದಿದ್ರೆ ರೈಲಿಗೆ ಸರಕು ಎಲ್ಲಿಂದ ಬರಬೇಕು? ಜಮೀನು ಮಾರಿದ್ರೆ ದುಡ್ಡು ಒಂದೇ ಸಲ. ಅಲ್ಲಿ ರೈತ ನೆಲೆ ನಿಂತ್ರೆ, ಬೆಳೆ ಸಾಗಿಸೋ ಬಾಡಿಗೆ ವರ್ಷ ವರ್ಷವೂ. ಅದಕ್ಕೇ ಕಂಪನಿ ಜಮೀನನ್ನ ಸಾಲದ ಮೇಲೆ, ಕಂತಿನಲ್ಲಿ ಮಾರಿತು. ಅದಕ್ಕೆ ಬೇಕಾಗಿದ್ದು ಬರೀ ಜಮೀನು ಕೊಳ್ಳೋರಲ್ಲ, ಕಾಯಂ ಗಿರಾಕಿಗಳು.

ಈಗ ಆ ಗಿರಾಕಿಗಳ ಕಡೆಗೆ ಬನ್ನಿ. 1795ರಿಂದ ಪೋಲೆಂಡ್ ಅನ್ನೋ ದೇಶವೇ ಭೂಪಟದಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಹಂಚಿಕೊಂಡಿದ್ದವು. 1870ರ ದಶಕದಲ್ಲಿ ಪ್ರಷ್ಯಾ ತನ್ನ ಪಾಲಿನ ಶಾಲೆಗಳಲ್ಲಿ ಪೋಲಿಷ್ ತೆಗೆದು ಜರ್ಮನ್ ಹೇರಿತು. ತುಂಡು ಜಮೀನಿನಲ್ಲಿ ಹೊಟ್ಟೆ ತುಂಬಲ್ಲ, ಶಾಲೆಯಲ್ಲಿ ಮಾತೃಭಾಷೆ ಇಲ್ಲ. ಎಷ್ಟೋ ಜನ ಹಡಗು ಹತ್ತಿದರು.

ಇವರಿಬ್ಬರನ್ನ ಜೋಡಿಸಿದ ಮನುಷ್ಯ ಜಾನ್ ಬೇಸಿಲ್ ಟರ್ಚಿನ್. ಹುಟ್ಟುಹೆಸರು ಇವಾನ್ ತುರ್ಚನಿನೊವ್. ಹೌದು, ರಷ್ಯನ್! ರಷ್ಯಾದ ಚಕ್ರವರ್ತಿ ಸೇನೆಯಲ್ಲಿ ಅಧಿಕಾರಿಯಾಗಿದ್ದು, 1856ರಲ್ಲಿ ಅಮೆರಿಕಕ್ಕೆ ಬಂದವನು. ಅಲ್ಲಿನ ಅಂತರ್ಯುದ್ಧದಲ್ಲಿ ಉತ್ತರದವರ ಪರ ಹೋರಾಡಿ ಜನರಲ್ ಆದ. ಆಮೇಲೆ ರೈಲ್ವೆ ಕಂಪನಿಯ ಜಮೀನು ಏಜೆಂಟ್. 1873ರಲ್ಲಿ ಚಿಕಾಗೊದಂಥ ಊರುಗಳಲ್ಲಿದ್ದ ಪೋಲಿಷ್ ಕುಟುಂಬಗಳನ್ನ ಕರೆತಂದು ಈ ಊರು ಶುರು ಮಾಡಿಸಿದ.

ಒಂದ್ಸಲ ಯೋಚಿಸಿ. ಪೋಲೆಂಡಿನ ಆ ರಾಡೊಮ್ ಆಗ ರಷ್ಯಾದ ಹಿಡಿತದಲ್ಲಿತ್ತು. ಅದೇ ರಷ್ಯಾದ ಮಾಜಿ ಸೈನಿಕ ಇಲ್ಲಿ ಪೋಲಿಷ್ ಜನರಿಗೆ ಜಮೀನು ತೋರಿಸಿದ. ಅವನೂ ಇಲ್ಲೇ ನೆಲೆಸಿದ. ಕೊನೆಗಾಲದಲ್ಲಿ ಬಡತನ, ಮಾನಸಿಕ ಕಾಯಿಲೆ. 1901ರಲ್ಲಿ ತೀರಿಕೊಂಡ.

ಕಂಪನಿ ಲೆಡ್ಜರಿನಲ್ಲಿ ಈ ಜನ ಬರೀ ಸಾಲಗಾರರು, ಸರಕು ಕಳಿಸೋರು. ಅವರಿಗೆ ಮಾತ್ರ ಅದು ತಮ್ಮ ಭಾಷೆಯಲ್ಲಿ ಬದುಕೋಕೆ ಸಿಕ್ಕ ಜಾಗ. ಅಲ್ಲೊಂದು ಚರ್ಚ್ ಕಟ್ಟಿಕೊಂಡರು, ಸೇಂಟ್ ಮೈಕಲ್ ಹೆಸರಲ್ಲಿ. ಪೋಲೆಂಡ್ ಮತ್ತೆ ಭೂಪಟಕ್ಕೆ ಬಂದಿದ್ದು 1918ರಲ್ಲಿ. ಅಷ್ಟೊತ್ತಿಗೆ ಈ ಪುಟ್ಟ ರಾಡೊಮ್‌ಗೆ 45 ವರ್ಷ ತುಂಬಿತ್ತು.

ನೀವು ಊರು ಬಿಟ್ಟು ದೂರ ಹೋಗಿ ಹೊಸ ಊರು ಕಟ್ಟಬೇಕಾದ್ರೆ, ಅದಕ್ಕೆ ಯಾವ ಹೆಸರು ಇಡ್ತೀರಿ? ಕಮೆಂಟ್ ಮಾಡಿ, ಎಲ್ಲಾ ಓದ್ತೀನಿ.

#ಹಳಿಪಕ್ಕದಕಥೆಗಳು #ಇತಿಹಾಸ #ಕನ್ನಡ