ನಿದ್ದೆಗೆ ಮುಂಚಿನ ಒಂದು ಕ್ಷಣದ ಉರಿ

ನಮ್ಮ ಬೀದರಿನ ಇತಿಹಾಸವೆಂದರೆ ಬಹಮನಿ ಸುಲ್ತಾನರು, ಮಹಮೂದ್ ಗಾವಾನನ ಮದರಸಾ, ಬರೀದಶಾಹಿ ಗೋರಿಗಳು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದವನು ನಾನು. ಬೀದರ, ಭಾಲ್ಕಿ, ಔರಾದಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನವು ಜಗತ್ತಿನ ವೈದ್ಯಚರಿತ್ರೆಯಲ್ಲೂ ಸ್ಥಾನ ಪಡೆದಿದೆ ಎಂಬುದು ಮಾತ್ರ ನಮ್ಮ ಯಾವ ಪಠ್ಯದಲ್ಲೂ ಇರಲಿಲ್ಲ.

ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥರಾಗಿದ್ದವರು ಎಡ್ವರ್ಡ್ ಲಾರಿ. ಶಸ್ತ್ರಚಿಕಿತ್ಸೆಗೆ ಮುನ್ನ ಮೂಸಿಸುತ್ತಿದ್ದ ಕ್ಲೋರೋಫಾರ್ಮಿನಿಂದ ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಹೃದಯವೋ, ಉಸಿರೋ? ಇದನ್ನು ಪರೀಕ್ಷಿಸಲು 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ನಡೆಯಿತು. ಅದನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪದಿದ್ದಾಗ, ನಿಜಾಮರು ಕೊಟ್ಟ 1000 ಪೌಂಡಿನ ನೆರವಿನಿಂದ 1889ರಲ್ಲಿ ಲಾಡರ್ ಬ್ರಂಟನ್ ಎಂಬ ತಜ್ಞರು ಹೈದರಾಬಾದಿಗೆ ಬಂದರು. ನೂರಾರು ಪ್ರಾಣಿಗಳ ಮೇಲಿನ ಪ್ರಯೋಗದ ನಂತರ ಎರಡನೆಯ ಆಯೋಗವೂ 'ಮೊದಲು ನಿಲ್ಲುವುದು ಉಸಿರು' ಎಂದೇ ತೀರ್ಮಾನಿಸಿತು.

ಆ ತೀರ್ಮಾನ ಪೂರ್ಣ ಸತ್ಯವಾಗಿರಲಿಲ್ಲ. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕದಡಿ ಹಠಾತ್ತನೆ ಕೊಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಆದರೂ ಉಸಿರಾಟವನ್ನು ಎಡೆಬಿಡದೆ ಗಮನಿಸಿರಿ ಎಂಬ ಲಾರಿಯವರ ಪಾಠ ಇಂದಿಗೂ ಸುಳ್ಳಾಗಿಲ್ಲ.

ಅಂದಿನ ಚಿಂತೆಯೆಲ್ಲ ಪ್ರಾಣ ಉಳಿಸುವುದರ ಬಗೆಗೇ ಆಗಿತ್ತು. ಪ್ರಾಣಭಯ ಕಡಿಮೆಯಾದ ಮೇಲೆಯೇ ಸಣ್ಣ ನೋವುಗಳ ಕಡೆಗೆ ಕಣ್ಣು ಹೊರಳುವುದು. 1934ರಲ್ಲಿ ಥಯೋಪೆಂಟಾಲ್ ಬಂದ ಬಳಿಕ ಮೂಸಿಸುವ ಬದಲು ರಕ್ತನಾಳಕ್ಕೆ ಮದ್ದು ಕೊಟ್ಟು ಮಲಗಿಸುವ ಪದ್ಧತಿ ಬೇರೂರಿತು. 1986ರಿಂದ ಬಳಕೆಗೆ ಬಂದ, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಬೇಗ ನಿದ್ದೆ ತರುತ್ತದೆ, ಬೇಗ ಎಚ್ಚರವನ್ನೂ ಕೊಡುತ್ತದೆ. ಆದರೆ ನಾಳದೊಳಗೆ ಹರಿಯುವಾಗ ಉರಿ ಹುಟ್ಟಿಸುತ್ತದೆ. ಯಾವ ಮುನ್ನೆಚ್ಚರಿಕೆಯೂ ಇಲ್ಲದಿದ್ದರೆ ಹತ್ತರಲ್ಲಿ ಸುಮಾರು ಆರು ಮಂದಿಗೆ ಈ ನೋವು ಆಗುತ್ತದೆಂದು 2011ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ಲೆಕ್ಕಹಾಕಿತು.

ಪರಿಹಾರಗಳು ಸರಳವಾಗಿವೆ. ಮುಂಗೈಯ ಸಣ್ಣ ನಾಳದ ಬದಲು ಮೊಳಕೈ ಮಡಚುವೆಡೆಯ ದೊಡ್ಡ ನಾಳವನ್ನು ಆರಿಸಿದರೆ ಮದ್ದು ಹೆಚ್ಚು ರಕ್ತದಲ್ಲಿ ಬೆರೆತು ತೆಳುವಾಗುತ್ತದೆ. ನಾಳದ ಗೋಡೆಗೆ ತಾಗುವ ತೀಕ್ಷ್ಣತೆ ಇಳಿಯುತ್ತದೆ. ಇಲ್ಲವೇ ತೋಳಿಗೆ ಪಟ್ಟಿ ಬಿಗಿದು, ಮೊದಲು ಸ್ವಲ್ಪ ಲಿಗ್ನೋಕೇನ್ ಕೊಟ್ಟು, ಅದು ಅಲ್ಲಿಯೇ ಕೆಲಸ ಮಾಡಲು ಸ್ವಲ್ಪ ಹೊತ್ತು ಬಿಟ್ಟು, ಪಟ್ಟಿ ಸಡಿಲಿಸಿ ಪ್ರೊಪೊಫಾಲ್ ಕೊಡುತ್ತಾರೆ. ಯಾರಿಗೆ ಯಾವುದು ತಕ್ಕುದೆಂಬುದನ್ನು ಅರಿವಳಿಕೆ ವೈದ್ಯರೇ ನಿರ್ಧರಿಸಬೇಕು.

'ಒಂದು ಕ್ಷಣದ ಉರಿ, ಆಮೇಲೆ ನಿದ್ದೆಯೇ ಬರುತ್ತದಲ್ಲ' ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಔರಾದದ ಹಳ್ಳಿಯಿಂದ ಬಂದ ಅಜ್ಜಿಗೆ ಆ ಕೊಠಡಿಯಲ್ಲಿ ಎಚ್ಚರವಿರುವ ಕೊನೆಯ ಗಳಿಗೆ ಅದು. ಮನೆಯವರು ಬಾಗಿಲಾಚೆ ಉಳಿದಿರುತ್ತಾರೆ. ಬಾಯಿ ಬಿಟ್ಟು ಹೇಳಲು ಅವಳಿಗೆ ಸಂಕೋಚ. ಭಾಲ್ಕಿಯಲ್ಲಾಗಲಿ ಬೀದರದಲ್ಲಾಗಲಿ, ಮಲಗಿದವರು 'ಡಾಕ್ಟರೇ, ಕೈ ಉರಿಯುತ್ತಿದೆ' ಎಂದು ನಿಸ್ಸಂಕೋಚವಾಗಿ ಹೇಳಬೇಕು, ಮೊದಲೇ ಕೇಳಿಕೊಳ್ಳಲೂಬಹುದು. ಪ್ರಾಣದ ಪ್ರಶ್ನೆಗೆ ಎರಡೆರಡು ಆಯೋಗ ಕೂಡಿಸಿದ ನೆಲದಲ್ಲಿ, ಒಂದು ಕ್ಷಣದ ನೋವಿಗೂ ಕಿವಿಗೊಡುವಷ್ಟು ತಾಳ್ಮೆ ನಮಗಿರಲಿ.