ತೂಕ ಜಾಸ್ತಿ, ಶುಗರ್ರೂ ಇದೆ: ಆಯುರ್ವೇದ ಹೇಳೋದೇನು, ಮಾತ್ರೆ ಬಿಡಬಹುದಾ? ಇಲ್ಲಿದೆ ಮಾಹಿತಿ

ಮೂಡಿಗೆರೆ: ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂತೇ ಕೆಲಸ. ಮಳೆ ಹಿಡಿದರೆ ವಾಕಿಂಗ್ ಬಂದ್. ಚಳಿಗೆ ಗಂಟೆಗೊಂದು ಕಾಫಿ. ಹೀಗೆ ಹೊಟ್ಟೆ ಬಂದು, ಹಿಂದೆಯೇ ಶುಗರ್ ಬಂದವರು ತಾಲ್ಲೂಕಿನಲ್ಲಿ ಕಮ್ಮಿ ಇಲ್ಲ. ಶುಗರ್ ಅಂದ ಕೂಡಲೇ 'ಮಾತ್ರೆ ಬೇಡ ಮಾರಾಯ, ಈ ಪುಡಿ ಕುಡಿ' ಅನ್ನೋ ಸಲಹೆಯೂ ಬರುತ್ತದೆ. ಇದರಲ್ಲಿ ನಿಜ ಎಷ್ಟು?

ಲೆಕ್ಕ ಹೇಗೆ?
- ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.
- ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು.
- ಖಾಲಿ ಹೊಟ್ಟೆಯಲ್ಲಿ ಶುಗರ್ 126, ಅಥವಾ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.5 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆ.

ಆಯುರ್ವೇದದಲ್ಲಿ ಏನಿದೆ?
ಚರಕ ಸಂಹಿತೆ ಪ್ರಮೇಹದ ರೋಗಿಗಳನ್ನು ಎರಡು ಥರ ಮಾಡುತ್ತದೆ. ದಪ್ಪಗಿದ್ದು ಬಲ ಇರುವವರಿಗೆ ಶೋಧನ ಚಿಕಿತ್ಸೆ, ಬಡಕಲು ಇರುವವರಿಗೆ ಪುಷ್ಟಿ ಕೊಡುವ ಆಹಾರ. ಅಂದರೆ ಒಬ್ಬರಿಗೆ ಹೇಳಿದ ಉಪವಾಸ ಇನ್ನೊಬ್ಬರಿಗೆ ಆಗಿಬರೋದಿಲ್ಲ. ಕೂತಲ್ಲೇ ಕೂರೋದು, ಅತಿ ನಿದ್ದೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು ಕಾಯಿಲೆಗೆ ಕಾರಣ ಎಂದೂ ಅದರಲ್ಲಿದೆ. ಸುಶ್ರುತ ಸಂಹಿತೆಯಂತೂ ನೂರು ಯೋಜನ ನಡೆಯಿರಿ, ಬಾವಿ ತೋಡಿ ಎನ್ನುತ್ತದೆ. ಮೈ ಬಗ್ಗಿಸದೆ ಬರೀ ಪುಡಿ ಕುಡಿಯಿರಿ ಅನ್ನೋದು ಆಯುರ್ವೇದವೂ ಅಲ್ಲ.

ಬೆಲ್ಲದ ಕಾಫಿ ಆಗುತ್ತಾ?
ಇಲ್ಲ. ಬೆಲ್ಲ, ಜೇನುತುಪ್ಪ ಕೂಡ ಶುಗರ್ ಏರಿಸುತ್ತವೆ. ದಿನಕ್ಕೆ ಆರು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಹತ್ತಿರ ಹತ್ತಿರ 50 ಗ್ರಾಂ. ಮೊದಲು ಇದನ್ನು ಬಿಡಬೇಕು.

ತೂಕ ಇಳಿದರೆ ಏನು ಲಾಭ?
2017ರಲ್ಲಿ ಪ್ರಕಟವಾದ ಬ್ರಿಟನ್‌ನ 'ಡೈರೆಕ್ಟ್' ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿದ್ದ, ಇನ್ಸುಲಿನ್ ತಗೊಳ್ಳದ ದಪ್ಪಗಿನವರಿಗೆ ವೈದ್ಯರ ನಿಗಾದಲ್ಲಿ ಆಹಾರ ಕಮ್ಮಿ ಮಾಡಿಸಲಾಯಿತು. ಒಂದು ವರ್ಷದಲ್ಲಿ 46% ಮಂದಿಗೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಗೆ ಬಂತು. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ 86%. ಅಷ್ಟು ಆಗದಿದ್ದರೂ 80 ಕೆ.ಜಿ. ಇರುವವರು ನಾಲ್ಕೈದು ಕೆ.ಜಿ. ಇಳಿಸಿದರೂ ಪ್ರಯೋಜನ ಇದೆ.

ಇಲ್ಲಿನ ಊಟದಲ್ಲೇ ಹೇಗೆ?
ಅಕ್ಕಿ ರೊಟ್ಟಿ, ಕಡುಬು ಪೂರ್ತಿ ಬಿಡಬೇಕಿಲ್ಲ, ಅರ್ಧ ಮಾಡಬೇಕು. ಉಳಿದ ಜಾಗ ಸೊಪ್ಪು, ತರಕಾರಿ, ಹುರುಳಿ ಅಥವಾ ಹೆಸರುಕಾಳು, ಮೊಟ್ಟೆ, ಮೀನಿಗೆ. ರಾಗಿ ಒಳ್ಳೆಯದೇ, ಆದರೆ ಎರಡು ಮುದ್ದೆ ಇಳಿಸಿದರೆ ಅದೂ ಶುಗರ್ ಏರಿಸುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಗುರಿ. ಮಳೆಗಾಲದಲ್ಲಿ ಮನೆ ಜಗಲಿ, ಕಾಫಿ ಗೋದಾಮು, ಮೆಟ್ಟಿಲು ಇವೆಯಲ್ಲ. ಊಟ ಆದಮೇಲೆ 10 ನಿಮಿಷ ನಡೆದರೂ ಆಗುತ್ತದೆ.

ಪುಡಿ, ಕಷಾಯದ ಕಥೆ
ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ, ಅರಿಶಿನ-ನೆಲ್ಲಿಕಾಯಿ, ಮಧುನಾಶಿನಿ, ಹೊನ್ನೆ ಮರದ ಚಕ್ಕೆ ಹಿಂದಿನಿಂದಲೂ ಬಳಕೆಯಲ್ಲಿವೆ. ಕೆಲವು ಶುಗರನ್ನು ಸ್ವಲ್ಪ ಇಳಿಸಬಹುದು, ಆದರೆ ಮಾತ್ರೆಗೆ ಬದಲಿ ಅಲ್ಲ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಜತೆ ಇವನ್ನು ತಗೊಂಡು, ಊಟವನ್ನೂ ಬಿಟ್ಟರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಅಂಗಡಿಯವರ ಗಮನಕ್ಕೆ
'ಸಕ್ಕರೆ ಕಾಯಿಲೆ ವಾಸಿ' ಎಂದು ಔಷಧಿಗೆ ಜಾಹೀರಾತು ಹಾಕುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ನಿಷೇಧಿಸಿದೆ. ಲೇಬಲ್, ಲೈಸೆನ್ಸ್ ನಂಬರ್ ಇಲ್ಲದ ಪುಡಿ ಇಟ್ಟುಕೊಳ್ಳದಿರುವುದು ಕ್ಷೇಮ. ಇಂಟರ್ನೆಟ್‌ನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು ಎಂದು 2008ರಲ್ಲಿ ವರದಿಯಾಗಿದೆ.

ಕಾಲಿನ ಮೇಲೆ ಕಣ್ಣಿರಲಿ
ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ. ಇಂಬಳ ಕಚ್ಚಿದ ಜಾಗ ಕೆರೆದು ಗಾಯವಾದರೆ ಶುಗರ್ ಇದ್ದವರಿಗೆ ಬೇಗ ಮಾಯೋದಿಲ್ಲ. ದಿನಾ ರಾತ್ರಿ ಪಾದ, ಬೆರಳಸಂದು ನೋಡಿಕೊಳ್ಳಿ.

ಎಲ್ಲಿ ತೋರಿಸೋದು?
30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಪಂಚಕರ್ಮ ಬೇಕಿದ್ದರೆ ಹಾಸನದ ತಣ್ಣೀರುಹಳ್ಳದ ಎಸ್‌ಡಿಎಂ ಆಯುರ್ವೇದ ಆಸ್ಪತ್ರೆಯಂಥ ಕಡೆ, ಈಗ ನುಂಗುತ್ತಿರುವ ಮಾತ್ರೆಯ ಚೀಟಿ ಸಮೇತ ಹೋಗಿ. ಮಾತ್ರೆ ಕಮ್ಮಿ ಮಾಡೋದು, ಬಿಡೋದು ರಿಪೋರ್ಟ್ ನೋಡಿ ಡಾಕ್ಟರ್ ಹೇಳಬೇಕೇ ಹೊರತು ಪಕ್ಕದ ಮನೆಯವರಲ್ಲ.