ಕರೋನರಿ ಅಪಧಮನಿಗಳ ಉಗಮದಲ್ಲಿ ಜನ್ಮಜಾತ ವ್ಯತ್ಯಾಸಗಳು: ಘಟಪ್ರಭಾ ಸೀಮೆಯನ್ನು ಕುರಿತ ಒಂದು ವಿವೇಚನೆ

ಮಹಾಪಧಮನಿಯು ಹೃದಯವನ್ನು ಬಿಟ್ಟು ಹೊರಡುವೆಡೆಯಲ್ಲಿ, ಕವಾಟದ ದಳಗಳ ಹಿಂದಣ ಎಡಬಲದ ಕುಹರಗಳಿಂದ ಒಂದೊಂದಾಗಿ ಹುಟ್ಟಿ ಹೃದಯಸ್ನಾಯುವಿಗೆ ರಕ್ತವನ್ನೀಯತಕ್ಕ ಕರೋನರಿ ಅಪಧಮನಿಗಳು ಕೆಲವರಲ್ಲಿ ಈ ಕ್ರಮವನ್ನು ಮೀರಿ ಅನ್ಯಸ್ಥಾನದಲ್ಲಿ ಉದ್ಭವಿಸುವುವು. 1990ರಲ್ಲಿ ಯಾಮಾನಾಕ ಮತ್ತು ಹಾಬ್ಸ್ ಎಂಬ ವಿದ್ವಾಂಸರು 1,26,595 ರೋಗಿಗಳ ಆಂಜಿಯೋಗ್ರಾಮುಗಳನ್ನು ಶೋಧಿಸಿ, ಶೇಕಡಾ 1.3ರಷ್ಟು ಮಂದಿಯಲ್ಲಿ ಈ ಅಪಧಮನಿಗಳ ವೈಪರೀತ್ಯಗಳನ್ನು ಕಂಡರು. ಅವುಗಳಲ್ಲಿ ಬಹುಭಾಗ ನಿರಪಾಯಕರವಾದವು. ಆದುದರಿಂದ ಉಗಮವು ಎಲ್ಲಿ ತಪ್ಪಿತೆಂಬುದಕ್ಕಿಂತ, ತಪ್ಪಿದ ಬಳಿಕ ಆ ನಾಳವು ಯಾವ ಹಾದಿಯನ್ನು ಹಿಡಿಯಿತು, ಎಂತಹ ರಕ್ತವನ್ನು ತಂದಿತು ಎಂಬುದೇ ವಿಚಾರಣೀಯವೆಂದು ನನ್ನ ಮತ.

ಬಲಕುಹರದಿಂದ ಹೊರಟು ಮಹಾಪಧಮನಿಯ ಹಿಂಬದಿಯಿಂದ ಸುತ್ತಿಹೋಗುವ, ಎಡ ಕರೋನರಿ ನಾಳದ ಸರ್ಕಂಫ್ಲೆಕ್ಸ್ ಎಂಬ ಶಾಖೆಯು ಸಾಮಾನ್ಯವಾಗಿ ಆಯುಷ್ಯವಿಡೀ ಸುಮ್ಮನಿರುವುದು. ಎಡಮುಖ್ಯನಾಳವೇ ಬಲಕುಹರದಲ್ಲಿ ಹುಟ್ಟಿ, ಮಹಾಪಧಮನಿ ಮತ್ತು ಪುಪ್ಪುಸ ಅಪಧಮನಿಗಳ ನಡುವೆ ನುಸುಳಿ ಸಾಗಿದರೆ ಮಾತ್ರ ಮಾತು ಬೇರೆ: ಅದರ ಬಾಯಿ ಸೀಳಿನಂತೆ ಕಿರಿದಾಗಿ, ಮೊದಲ ಭಾಗವು ಮಹಾಪಧಮನಿಯ ಗೋಡೆಯೊಳಗೇ ಓರೆಯಾಗಿ ಹರಿದು, ತೀವ್ರ ಶ್ರಮದ ವೇಳೆ ಒತ್ತಡಕ್ಕೀಡಾಗಿ, ಆರೋಗ್ಯವಂತನೆಂದೇ ಎಲ್ಲರೂ ನಂಬಿದ್ದ ತರುಣನು ಹಠಾತ್ತಾಗಿ ಪ್ರಾಣ ಬಿಡುವ ಸಂಭವವುಂಟು. ಘಟಪ್ರಭಾ ಸೀಮೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಗರಡಿಮನೆಗಳಲ್ಲಿ ಸಾಮು ಮಾಡುವ ಹುಡುಗನೊಬ್ಬನು ಪಟ್ಟು ಹಾಕುತ್ತಿರುವಾಗಲೇ ಚಕ್ಕರ ಬಂದು ಬಿದ್ದರೆ, ಬಿಸಿಲ ಝಳವೆಂದೋ ಉಪವಾಸವೆಂದೋ ಹೇಳಿ ಮುಗಿಸಲಾಗದು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿಯು ನಿರ್ದೋಷವೆಂದು ತೋರಬಹುದು, ಟ್ರೆಡ್‌ಮಿಲ್ ಪರೀಕ್ಷೆಯೂ ಹಾಗೆಯೇ. ನಾಳದ ಹಾದಿಯನ್ನು ನಿಶ್ಚಯವಾಗಿ ತೋರಿಸುವುದು ಸಿಟಿ ಆಂಜಿಯೋಗ್ರಾಮ್.

ಇದಕ್ಕಿಂತಲೂ ದಾರುಣವಾದುದು, ಮೂರು ಲಕ್ಷ ಜನನಗಳಲ್ಲಿ ಸುಮಾರು ಒಂದರಲ್ಲಿ ಕಾಣಬರುವ, ಎಡನಾಳವು ಪುಪ್ಪುಸ ಅಪಧಮನಿಯಿಂದಲೇ ಹುಟ್ಟುವ ಸ್ಥಿತಿ. 1933ರಲ್ಲಿ ಬ್ಲಾಂಡ್, ವೈಟ್ ಮತ್ತು ಗಾರ್ಲಂಡ್ ಇದರ ಲಕ್ಷಣಸಮುಚ್ಚಯವನ್ನು ನಿರೂಪಿಸಿದರು. ಜನನಕಾಲದಲ್ಲಿ ಪುಪ್ಪುಸದ ಒತ್ತಡವು ಅಧಿಕವಾಗಿರುವುದರಿಂದ ನಾಳದೊಳಗೆ ರಕ್ತವು ಹೇಗೋ ಹರಿಯುವುದು. ಕೆಲವು ವಾರಗಳಲ್ಲಿ ಆ ಒತ್ತಡವಿಳಿದೊಡನೆ ಪ್ರವಾಹವು ತಿರುಗಿ, ಬಲನಾಳದಿಂದ ಬಂದ ರಕ್ತವನ್ನೂ ಪುಪ್ಪುಸದ ಕಡೆಗೆ ಸೆಳೆದೊಯ್ಯುವುದು. ಆಗ ಶಿಶುವು ಮೊಲೆಯುಣ್ಣುವಾಗ ಬೆವತು, ಏದುಸಿರುಬಿಟ್ಟು, ಅರ್ಧಕ್ಕೇ ಬಿಟ್ಟು ಅಳುವುದು. ತಾಯಿ ಹಾಗೂ ಅಜ್ಜಿಯರು ಇದನ್ನು ದೃಷ್ಟಿಯೆಂದೋ ಹೊಟ್ಟೆನೋವೆಂದೋ ಭಾವಿಸುವುದು ಸಹಜ. ಚಿಕಿತ್ಸೆಯಿಲ್ಲದ ಹತ್ತರಲ್ಲಿ ಒಂಬತ್ತು ಕೂಸುಗಳು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುವುವು. ಈ ತಾಲ್ಲೂಕುಗಳ ವೈದ್ಯರು ದೊಡ್ಡದಾದ ದುರ್ಬಲ ಹೃದಯವೊಂದನ್ನು ಕಂಡಾಗ, ಸ್ನಾಯುದೌರ್ಬಲ್ಯವೆಂದು ಬರೆಯುವ ಮೊದಲು, ಎಕೋ ಪರೀಕ್ಷೆಯಲ್ಲಿ ಎರಡೂ ನಾಳಗಳ ಬಾಯಿಗಳನ್ನು ಹುಡುಕುವಂತೆ ಬೆಳಗಾವಿಗೋ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೋ ಸೂಚಿಸಿ ಕಳುಹಿಸುವುದು ಅವಶ್ಯ. ನಾಳವನ್ನು ಬಿಡಿಸಿ ಮಹಾಪಧಮನಿಗೆ ಕೂಡಿಸಿದ ಬಳಿಕ, ಸತ್ತಂತಿದ್ದ ಸ್ನಾಯುವು ಎಷ್ಟೋ ಮಕ್ಕಳಲ್ಲಿ ತಿಂಗಳುಗಳೊಳಗೆ ಬಲಗೊಂಡು ಕೆಲಸಕ್ಕೆ ತೊಡಗುವುದು.